ಇಂಕ್‌ಜೆಟ್ ಯಂತ್ರದಲ್ಲಿ ಕಪ್ಪು-ಬಿಳುಪು ಛಾಯಾಚಿತ್ರದ ಮುದ್ರಣ: ಒಂದು ವಿವೇಚನೆ

ಕಪ್ಪು-ಬಿಳುಪು ಎಂಬ ಪದವನ್ನು ಕಂಡೊಡನೆ ವ್ಯಾಕರಣವನ್ನು ಬಲ್ಲವರು ಅದನ್ನು ದ್ವಂದ್ವಸಮಾಸವೆಂದು ಹೇಳಿಬಿಡುವರು. ಕಪ್ಪೂ ಬಿಳುಪೂ ಎಂದು ಬಿಡಿಸಿದಾಗ ಎರಡು ಪದಗಳ ಅರ್ಥವೂ ಸಮಾನವಾಗಿ ಪ್ರಧಾನವಾಗಿ ನಿಲ್ಲುವುದರಿಂದ ಆ ಮಾತನ್ನು ತಪ್ಪೆನ್ನುವಂತಿಲ್ಲ. ಆದರೆ ‘ಕಪ್ಪು-ಬಿಳುಪು ಛಾಯಾಚಿತ್ರ’ ಎಂದಾಗ ಸಂಗತಿ ಬೇರೆಯಾಗುತ್ತದೆ. ಒಳ್ಳೆಯ ಛಾಯಾಚಿತ್ರವೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅಚ್ಚ ಕಪ್ಪಾಗಲಿ ಅಚ್ಚ ಬಿಳುಪಾಗಲಿ ಅದರಲ್ಲಿ ಸಾಸಿವೆಯಷ್ಟು ಮಾತ್ರ ಸಿಕ್ಕೀತು. ಉಳಿದುದೆಲ್ಲ ಅವೆರಡರ ನಡುವಣ ಬೂದುಬಣ್ಣದ ಅಸಂಖ್ಯ ಛಾಯೆಗಳು. ಸಮಾಸದ ಪದಗಳೆರಡನ್ನೂ ಬಿಟ್ಟು ಬೇರೊಂದರ ಅರ್ಥವೇ ಮುಖ್ಯವಾಗುವುದನ್ನು ಬಹುವ್ರೀಹಿ ಎನ್ನುವುದಾದರೆ, ಕಪ್ಪು-ಬಿಳುಪು ಛಾಯಾಚಿತ್ರವನ್ನು ಆ ಗುಂಪಿಗೆ ಸೇರಿಸುವುದೇ ನ್ಯಾಯವೆನ್ನಬೇಕು. ಇದು ಕೇವಲ ಶಬ್ದಚಮತ್ಕಾರವಲ್ಲ. ಈ ಬಗೆಯ ಚಿತ್ರವನ್ನು ಕಾಗದದ ಮೇಲೆ ಮೂಡಿಸುವ ಕಷ್ಟವೆಲ್ಲ ಆ ಮೂರನೆಯ ಅರ್ಥದಲ್ಲಿಯೇ ಅಡಗಿದೆ.

ಬೆಳ್ಳಿಯ ಲವಣವನ್ನು ಲೇಪಿಸಿದ ಕಾಗದದ ಕಾಲದಲ್ಲಿ ಈ ಕಷ್ಟ ಅಷ್ಟಾಗಿ ತೋರುತ್ತಿರಲಿಲ್ಲ. ನೆಗೆಟಿವಿನ ಮೂಲಕ ಹಾಯ್ದುಬಂದ ಬೆಳಕು ಎಲ್ಲಿ ಎಷ್ಟು ಬಿದ್ದಿತೋ ಅಲ್ಲಿ ಅಷ್ಟು ಬೆಳ್ಳಿಯ ಕಣಗಳು ಕಪ್ಪಾಗುತ್ತಿದ್ದವು. ಕಣಗಳು ಬಹು ಸೂಕ್ಷ್ಮವಾದುದರಿಂದ ಕಣ್ಣಿಗೆ ಅವು ಬಿಡಿಬಿಡಿಯಾಗಿ ಕಾಣದೆ ಒಂದರೊಳಗೊಂದು ಕರಗಿದ ಛಾಯೆಯಾಗಿ ಕಾಣುತ್ತಿದ್ದವು. ಆ ಕತ್ತಲೆ ಕೋಣೆ, ಕೆಂಪು ದೀಪ, ತಟ್ಟೆಯಲ್ಲಿನ ದ್ರವದೊಳಗೆ ಮೆಲ್ಲನೆ ಮೂಡಿ ಬರುವ ಮುಖ, ಇವೆಲ್ಲ ಈಗ ಬಹುಪಾಲು ಸ್ಟುಡಿಯೋಗಳಿಂದ ಮರೆಯಾಗಿವೆ. ನೆಗೆಟಿವುಗಳಾದರೋ ಹಾಗೆಯೇ ಉಳಿದಿವೆ. ಶಾಲೆಗಳಲ್ಲಿ, ಮಠಗಳಲ್ಲಿ, ಮನೆತನಗಳಲ್ಲಿ ತಗಡಿನ ಡಬ್ಬಿಗಳೊಳಗೆ, ಹಳೆಯ ಲಕೋಟೆಗಳೊಳಗೆ ಅವು ಇವೆ. ಗೋಡೆಯ ಮೇಲೆ ಹಳದಿಗಟ್ಟಿದ ಗುಂಪುಚಿತ್ರಗಳು ಇವೆ. ಇವುಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಇಳಿಸುವುದು ಇಂದು ಸುಲಭ. ಹೀಗೆ ಇಳಿಸಿದುದನ್ನು ಮರಳಿ ಕಾಗದಕ್ಕೆ ತರುವಾಗ ಮೊದಲಿನ ಮುಖವೇ ಬರುವುದೋ, ಅಥವಾ ಹಸುರಿಗೆ ತಿರುಗಿದ, ಕಣ್ಣು-ಮೂಗು ಮಸಿಯಲ್ಲಿ ಮುಳುಗಿದ ಬೇರೊಂದು ಮುಖ ಬರುವುದೋ ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರವನ್ನು ಅರಿಯಬೇಕಾದರೆ ಮೊದಲು ಇಂಕ್‌ಜೆಟ್ ಪ್ರಿಂಟರಿನ ಸ್ವಭಾವವನ್ನು ತಿಳಿಯಬೇಕು. ಕೂದಲಿಗಿಂತ ಕಿರಿದಾದ ರಂಧ್ರಗಳಿಂದ ಶಾಯಿಯ ಹನಿಗಳನ್ನು ಕಾಗದದ ಮೇಲೆ ಚಿಮುಕಿಸುವುದೇ ಅದರ ಕೆಲಸ. ಕೆಲವು ಯಂತ್ರಗಳಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆಯೆಬ್ಬಿಸಿ ಹೊರದೂಡುತ್ತಾರೆ. ಎಪ್ಸನ್ ಸಂಸ್ಥೆಯ ಯಂತ್ರಗಳಲ್ಲಿ ವಿದ್ಯುತ್ತು ತಾಗಿದೊಡನೆ ಆಕಾರ ಬದಲಿಸುವ ಸ್ಫಟಿಕದಂಥ ವಸ್ತುವೊಂದು ಶಾಯಿಯನ್ನು ಒತ್ತುತ್ತದೆ. ಈ ವಸ್ತುಧರ್ಮವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಒತ್ತು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ‘ಪಿಯೆಜೊ’ ಎಂಬ ಹೆಸರು ಬಂದಿತು. ಹನಿಯ ಗಾತ್ರ ಕೆಲವೇ ಪಿಕೊಲೀಟರುಗಳಷ್ಟು. ಒಂದು ಲೀಟರನ್ನು ಲಕ್ಷ ಕೋಟಿ, ಎಂದರೆ ಒಂದರ ಮುಂದೆ ಹನ್ನೆರಡು ಸೊನ್ನೆಗಳಷ್ಟು ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೊಲೀಟರ್ ಆಗುತ್ತದೆ. ಇಷ್ಟು ಸೂಕ್ಷ್ಮವಾದರೂ ಹನಿಗೆ ಒಂದು ಕೊರತೆಯಿದೆ: ಕಪ್ಪು ಶಾಯಿಯ ಹನಿ ಬಿದ್ದರೆ ಕಪ್ಪು, ಬೀಳದಿದ್ದರೆ ಕಾಗದದ ಬಿಳುಪು. ನಡುವಣ ಮಾತನ್ನು ಅದು ಅರಿಯದು. ಬೆಳ್ಳಿಯ ಕಾಗದಕ್ಕೆ ಸಹಜವಾಗಿದ್ದ ಬೂದುಬಣ್ಣವನ್ನು ಈ ಯಂತ್ರ ಹನಿಗಳ ದಟ್ಟಣೆ-ವಿರಳತೆಗಳಿಂದ ಸಾಧಿಸಬೇಕಾಗುತ್ತದೆ, ಕೇಶವನ್ನೂ ನೆರಳನ್ನೂ ಚುಕ್ಕೆಯಿಂದಲೇ ತೋರಿಸುವ ಚಿತ್ರಕಾರನಂತೆ.

ಕಪ್ಪು ಶಾಯಿಯೊಂದನ್ನೇ ಬಳಸಿ ಮುದ್ರಿಸುವುದು ಮೊದಲನೆಯ ಮಾರ್ಗ. ಬಣ್ಣದ ಸೋಂಕೇ ಇಲ್ಲದಿರುವುದು ಇದರ ಗುಣ. ದೋಷವೆಂದರೆ, ಆಕಾಶ, ಬಿಳಿಯ ಪಂಚೆ, ಹಣೆಯ ಹೊಳಪು ಮುಂತಾದ ತಿಳಿಯಾದ ಕಡೆಗಳಲ್ಲಿ ಹನಿಗಳು ದೂರದೂರ ಬೀಳುವುದರಿಂದ ಮೆಣಸಿನ ಪುಡಿ ಉದುರಿಸಿದಂತೆ ಕಾಣುತ್ತದೆ. ಹಳೆಯ ವೇಗದ ಫಿಲ್ಮುಗಳ ಒರಟುತನವನ್ನು ಮೆಚ್ಚುವ ಕೆಲವರು ಇದನ್ನೇ ಬಯಸಿ ಆರಿಸಿಕೊಳ್ಳುವುದುಂಟು; ದೊಡ್ಡ ಅಳತೆಯ ಚಿತ್ರವನ್ನು ದೂರದಿಂದ ನೋಡುವಾಗ ಅದು ಅಷ್ಟೇನೂ ಕೆಟ್ಟದಾಗಿಯೂ ಇರುವುದಿಲ್ಲ. ಆದರೆ ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಈ ಮಾರ್ಗ ಒಪ್ಪುವುದಿಲ್ಲ.

ಎರಡನೆಯದು ನೀಲಿ, ಕೆನ್ನೀಲಗೆಂಪು, ಹಳದಿ ಶಾಯಿಗಳನ್ನು ಬೆರೆಸಿ ಬೂದುಬಣ್ಣವನ್ನು ಹೊಂದಿಸುವ ಮಾರ್ಗ. ಸಾಮಾನ್ಯ ಪ್ರಿಂಟರಿಗೆ ಕಪ್ಪು-ಬಿಳುಪು ಚಿತ್ರವನ್ನು ಕೊಟ್ಟರೆ ಅದು ಹೇಳದೆ ಕೇಳದೆ ಮಾಡುವುದು ಇದನ್ನೇ. ಮೂರು ಬಣ್ಣಗಳು ಸಮತೂಕದಲ್ಲಿರುವವರೆಗೆ ಬೂದು ಬೂದಾಗಿಯೇ ಇರುತ್ತದೆ. ಒಂದು ಶಾಯಿ ಕೂದಲೆಳೆಯಷ್ಟು ಹೆಚ್ಚಾದರೂ ಚಿತ್ರವೆಲ್ಲ ಹಸುರಿಗೋ ಕೆನ್ನೀಲಿಗೋ ತಿರುಗುತ್ತದೆ. ಬಣ್ಣದ ಚಿತ್ರದಲ್ಲಿ ಗಮನಕ್ಕೆ ಬಾರದ ಈ ಓಲುವಿಕೆ ಕಪ್ಪು-ಬಿಳುಪಿನಲ್ಲಿ ಕೂಡಲೇ ಕಣ್ಣಿಗೆ ಚುಚ್ಚುತ್ತದೆ. ಬಿಳಿಯ ಬಟ್ಟೆಯ ಮೇಲಣ ಅರಿಶಿನದ ಕಲೆಯಂತೆ. ಇದಕ್ಕಿಂತಲೂ ವಿಚಿತ್ರವಾದ ದೋಷ ಇನ್ನೊಂದಿದೆ. ಕಿಟಕಿಯ ಬೆಳಕಿನಲ್ಲಿ ಅಚ್ಚ ಬೂದಾಗಿ ಕಂಡ ಚಿತ್ರವೇ ಕೊಠಡಿಯ ವಿದ್ಯುದ್ದೀಪದ ಕೆಳಗೆ ಬೇರೆ ಬಣ್ಣವನ್ನು ತೋರುತ್ತದೆ. ಬೆಳಕಿನಿಂದ ಬೆಳಕಿಗೆ ತರಂಗಗಳ ಪ್ರಮಾಣ ಬೇರೆ, ಒಂದೊಂದು ಶಾಯಿಯೂ ಒಂದೊಂದು ತರಂಗವನ್ನು ಹೀರುವ ಬಗೆ ಬೇರೆ. ಒಂದು ದೀಪದ ಕೆಳಗೆ ಕೂಡಿಬಂದ ಲೆಕ್ಕ ಇನ್ನೊಂದರ ಕೆಳಗೆ ಕೂಡಿಬರುವುದಿಲ್ಲ. ಇದನ್ನು ಮುದ್ರಣತಜ್ಞರು ಮೆಟಾಮೆರಿಸಮ್ ದೋಷವೆಂದು ಕರೆಯುತ್ತಾರೆ. ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ವರ್ಣದ್ರವ್ಯದ ಶಾಯಿಯ ಯಂತ್ರಗಳನ್ನು ಕೊಂಡವರು ಈ ಹಸುರು ಮುಖಗಳಿಂದ ಬಹಳ ಬೇಸತ್ತರು.

ಮೂರನೆಯ ಮಾರ್ಗ ಕಪ್ಪನ್ನೇ ಹಲವು ಹದಗಳಲ್ಲಿ ತೆಳುಮಾಡಿ ಇಟ್ಟುಕೊಳ್ಳುವುದು. ಗಾಢ ಕಪ್ಪು, ಅದನ್ನು ತೆಳುಮಾಡಿದ ಬೂದು, ಇನ್ನೂ ತೆಳುಮಾಡಿದ ತಿಳಿಬೂದು ಎಂದು ಬೇರೆಬೇರೆ ಡಬ್ಬಿಗಳಿದ್ದರೆ, ತಿಳಿಯಾದ ಕಡೆಯಲ್ಲಿ ತಿಳಿಬೂದಿನ ಹನಿಗಳನ್ನೇ ಒತ್ತಾಗಿ ಹಾಕಬಹುದು; ಚುಕ್ಕೆ ಕಾಣುವುದಿಲ್ಲ, ಬಣ್ಣದ ಓಲುವಿಕೆಯೂ ಇಲ್ಲ. ಜಲವರ್ಣದ ಚಿತ್ರಕಾರ ಒಂದೇ ಮಸಿಯನ್ನು ಮೂರು ಬಟ್ಟಲುಗಳಲ್ಲಿ ನೀರು ಬೆರೆಸಿ ಇಟ್ಟುಕೊಳ್ಳುವ ಉಪಾಯವೇ ಇದು. ಕಷ್ಟವಿರುವುದು ಯಾವ ಬಟ್ಟಲಿನಿಂದ ಯಾವಾಗ ಎಷ್ಟು ಎಂಬುದನ್ನು ಯಂತ್ರಕ್ಕೆ ಕಲಿಸುವುದರಲ್ಲಿ. ಆ ಪಾಠವನ್ನು ಹೇಳುವುದೇ ಈ ಲೇಖನದ ವಿಷಯವಾದ ಮುದ್ರಣ ತಂತ್ರಾಂಶ.

ತಂತ್ರಾಂಶದ ವಿವರಕ್ಕೆ ಹೋಗುವ ಮುನ್ನ ನಮ್ಮ ಜನರ ಚಿತ್ರಗಳಿಗೆ ಸಂಬಂಧಿಸಿದ ಮಾತೊಂದನ್ನು ಇಲ್ಲಿಯೇ ಹೇಳಬೇಕು. ನಮ್ಮ ಗುಂಪುಚಿತ್ರಗಳಲ್ಲಿ ಬಟ್ಟೆ ಬಿಳಿ, ಮುಖ ಕಪ್ಪು ಅಥವಾ ಗೋಧಿಬಣ್ಣ, ಹಿನ್ನೆಲೆಯಲ್ಲಿ ಬಿಸಿಲಿನ ಸುಣ್ಣದ ಗೋಡೆ ಇಲ್ಲವೆ ಮರದ ನೆರಳು. ಹೀಗಾಗಿ ಮುಖದ ಛಾಯೆಗಳೆಲ್ಲ ಬೂದಿನ ಮೆಟ್ಟಿಲುಗಳ ಕೆಳಗಿನ ಅರ್ಧದಲ್ಲಿ, ಕೆಲವೊಮ್ಮೆ ಕೆಳಗಿನ ಕಾಲುಭಾಗದಲ್ಲಿ ಇರುತ್ತವೆ. ಕೆನ್ನೆಗೂ ಮೂಗಿನ ನೆರಳಿಗೂ, ಕಣ್ಣುಗುಡ್ಡೆಗೂ ಹುಬ್ಬಿಗೂ ಇರುವ ಅಂತರ ಅಲ್ಲಿ ಬಹಳ ಕಡಮೆ. ಮುದ್ರಣಯಂತ್ರಗಳು ಶಾಯಿಯನ್ನು ಅತಿಯಾಗಿ ಸುರಿದು ಅಂತರವನ್ನು ನುಂಗಿಬಿಡುವುದು ಸರಿಯಾಗಿ ಅದೇ ಭಾಗದಲ್ಲಿ. ಬಿಳಿಯ ಚರ್ಮದ ಜನರ ಮುಖ ಮೇಲಿನ ಮೆಟ್ಟಿಲುಗಳಲ್ಲಿ ನಿಲ್ಲುವುದರಿಂದ ಈ ದೋಷ ಅವರ ಚಿತ್ರಗಳಲ್ಲಿ ಕೋಟಿನ ಮಡಿಕೆಯಷ್ಟನ್ನೇ ಅಳಿಸೀತು. ನಮ್ಮ ಚಿತ್ರಗಳಲ್ಲಿ ಅದು ಮನುಷ್ಯನನ್ನೇ ಅಳಿಸುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರಂಥ ಛಾಯಾಗ್ರಾಹಕರು ಹಳ್ಳಿಗಾಡಿನ ಜನರನ್ನೂ ಮಕ್ಕಳನ್ನೂ ತೆಗೆದ ಕಪ್ಪು-ಬಿಳುಪು ಚಿತ್ರಗಳ ಜೀವವಿರುವುದು ಈ ಕೆಳಗಿನ ಮೆಟ್ಟಿಲುಗಳಲ್ಲಿಯೇ. ಗೋಡೆಯ ಮೇಲಿದ್ದ ಐವತ್ತು ವರ್ಷದ ಗುಂಪುಚಿತ್ರವನ್ನು ಹೊಸದಾಗಿ ಮುದ್ರಿಸಿದಾಗ ಹಿಂದಿನ ಸಾಲಿನಲ್ಲಿ ನಿಂತ ಹುಡುಗನ ಮುಖ ಅವನ ಮಕ್ಕಳಿಗೂ ಗುರುತು ಸಿಗದಂತಾದರೆ, ಆ ಮುದ್ರಣ ಎಷ್ಟು ಹೊಳಪಾಗಿದ್ದರೇನು?

ಛಾಯಾಚಿತ್ರಗಳನ್ನು ಶಾಯಿಯಿಂದ ಮುದ್ರಿಸುವ ಪ್ರಯತ್ನ ಕಲೆಯ ದರ್ಜೆಗೆ ಏರಿದುದು ಅಮೆರಿಕದಲ್ಲಿ. ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಗೀತಗಾರ ಗ್ರಹಾಂ ನ್ಯಾಷ್ ಛಾಯಾಗ್ರಹಣದಲ್ಲಿಯೂ ಆಸಕ್ತನಾಗಿದ್ದನು. ಗಣಕಯಂತ್ರದ ಪರದೆಯ ಮೇಲೆ ಕಂಡ ಚಿತ್ರವನ್ನು ಕಾಗದಕ್ಕೆ ತರಬಲ್ಲ ಯಂತ್ರವೇ ಇಲ್ಲದ ಆ ದಿನಗಳಲ್ಲಿ ಆತನು ಮುದ್ರಣಾಲಯಗಳಲ್ಲಿ ಕರಡು ನೋಡಲು ಬಳಸುತ್ತಿದ್ದ ಐರಿಸ್ 3047 ಎಂಬ ಯಂತ್ರವನ್ನು 1,26,000 ಡಾಲರುಗಳಿಗೆ ಕೊಂಡು, ಗೆಳೆಯ ಮ್ಯಾಕ್ ಹೋಲ್ಬರ್ಟನೊಡಗೂಡಿ 1991ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನಲ್ಲಿ ನ್ಯಾಷ್ ಎಡಿಷನ್ಸ್ ಎಂಬ ಮುದ್ರಣಶಾಲೆಯನ್ನು ತೆರೆದನು. ಆ ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿದೆ. ಮುದ್ರಣವೇನೋ ಸುಂದರವಾಗಿತ್ತು, ಆದರೆ ಅದರ ಶಾಯಿ ನೀರಿನಲ್ಲಿ ಕರಗುವ ಬಣ್ಣದಿಂದಾದುದು, ಬಿಸಿಲಿಗೆ ಬಹುಬೇಗ ಮಾಸುತ್ತಿತ್ತು. ನೀರಿನಲ್ಲಿ ಕರಗದೆ ಸೂಕ್ಷ್ಮ ಕಣಗಳಾಗಿ ತೇಲುವ ವರ್ಣದ್ರವ್ಯದ ಶಾಯಿ ಬಂದ ಮೇಲೆಯೇ ಬಾಳಿಕೆಯ ಮಾತು ಬಂದಿತು.

ಅದೇ ದೇಶದ ವರ್ಮಾಂಟ್ ಪ್ರಾಂತದ ಮುದ್ರಣಕಾರ ಜಾನ್ ಕೋನ್, ಸಾಮಾನ್ಯ ಎಪ್ಸನ್ ಯಂತ್ರದಿಂದ ಬಣ್ಣದ ಶಾಯಿಗಳನ್ನು ತೆಗೆದುಹಾಕಿ ಅವುಗಳ ಜಾಗದಲ್ಲಿ ಕಪ್ಪಿನ ವಿವಿಧ ಹದಗಳನ್ನು ತುಂಬಿಸುವ ‘ಪಿಯೆಜೊಗ್ರಫಿ’ ಎಂಬ ಪದ್ಧತಿಯನ್ನು 2000ದ ಸುಮಾರಿಗೆ ಬಳಕೆಗೆ ತಂದನು. ಮುಂದೆ ಇದೇ ಪದ್ಧತಿಯಲ್ಲಿ ಏಳು ಹದಗಳ ಕಪ್ಪು ಬಂದಿತು. ಯಂತ್ರವನ್ನು ತಯಾರಿಸಿದ ಸಂಸ್ಥೆಗೂ ಕಾಲದ ಬೇಡಿಕೆ ತಿಳಿಯಿತು. ಎಪ್ಸನ್ 2005ರಲ್ಲಿ ಹೊರತಂದ ‘ಕೆ3’ ಶಾಯಿಯ ಯಂತ್ರಗಳಲ್ಲಿ ಮೂರು ಹದದ ಕಪ್ಪು ಏಕಕಾಲಕ್ಕೆ ಇದ್ದುದಲ್ಲದೆ, ಕಪ್ಪು-ಬಿಳುಪಿಗಾಗಿಯೇ ಪ್ರತ್ಯೇಕವಾದ ಮುದ್ರಣವಿಧಾನವೊಂದನ್ನು ಅದರ ತಂತ್ರಾಂಶದಲ್ಲಿ ಸೇರಿಸಲಾಯಿತು. ಇದಕ್ಕೆ ಸ್ವಲ್ಪ ಮೊದಲೇ ರಾಯ್ ಹ್ಯಾರಿಂಗ್ಟನ್ ಎಂಬ ಅಮೆರಿಕನ್ ಛಾಯಾಗ್ರಾಹಕ ತನ್ನ ಚಿತ್ರಗಳಿಗೆ ತಕ್ಕ ಸಾಧನವಿಲ್ಲದುದನ್ನು ಕಂಡು ‘ಕ್ವಾಡ್‌ಟೋನ್ ರಿಪ್’ ಎಂಬ ತಂತ್ರಾಂಶವನ್ನು ತಾನೇ ಬರೆದು 50 ಡಾಲರುಗಳ ಬೆಲೆಗೆ ನೀಡತೊಡಗಿದ್ದನು. ಆಗ ಇಂಥ ತಂತ್ರಾಂಶಗಳ ಬೆಲೆ ಯಂತ್ರದ ಬೆಲೆಯನ್ನೇ ಮೀರುತ್ತಿದ್ದುದುಂಟು. ‘ರಿಪ್’ ಎಂಬುದು ರಾಸ್ಟರ್ ಇಮೇಜ್ ಪ್ರೊಸೆಸರ್ ಎಂಬುದರ ಸಂಕ್ಷೇಪ. ಚಿತ್ರವನ್ನು ಹನಿಗಳ ಸಾಲುಗಳಾಗಿ ಬಿಡಿಸಿ ಯಂತ್ರಕ್ಕೆ ಉಣಿಸುವ ಮಧ್ಯವರ್ತಿ ಎಂದು ತಿಳಿದರೆ ಸಾಕು. ಕೋನನ ಪಿಯೆಜೊಗ್ರಫಿಯೂ ಮುಂದೆ ಈ ತಂತ್ರಾಂಶವನ್ನೇ ಆಶ್ರಯಿಸಿತು.

ಈ ತಂತ್ರಾಂಶ ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಯಂತ್ರದೊಂದಿಗೆ ಬರುವ ಸಾಮಾನ್ಯ ತಂತ್ರಾಂಶ ‘ಈ ಬಣ್ಣ ಬೇಕು’ ಎಂಬ ಬೇಡಿಕೆಯನ್ನು ಮಾತ್ರ ಕೇಳುತ್ತದೆ. ಯಾವ ಡಬ್ಬಿಯಿಂದ ಎಷ್ಟು ಶಾಯಿ ಎಂಬ ತೀರ್ಮಾನ ಅದರ ಗುಟ್ಟು. ರಿಪ್ ಆ ಗುಟ್ಟನ್ನು ಬಿಡಿಸಿ ಒಂದೊಂದು ಡಬ್ಬಿಯ ಕೀಲಿಕೈಯನ್ನೂ ಮುದ್ರಿಸುವವನ ಕೈಗೆ ಕೊಡುತ್ತದೆ. ಮೊದಲು ಆತನು ಒಂದೊಂದು ಶಾಯಿಯನ್ನೂ ಪ್ರತ್ಯೇಕವಾಗಿ, ಅತ್ಯಲ್ಪದಿಂದ ನೂರಕ್ಕೆ ನೂರರವರೆಗೆ, ಪಟ್ಟಿಯಾಗಿ ಅದೇ ಕಾಗದದ ಮೇಲೆ ಮುದ್ರಿಸಿ ನೋಡಬೇಕು. ಶಾಯಿ ಹೆಚ್ಚಿದಂತೆ ಕಪ್ಪು ಹೆಚ್ಚುತ್ತ ಹೋಗಿ, ಒಂದು ಹಂತದಿಂದ ಮುಂದೆ ಎಷ್ಟು ಸುರಿದರೂ ಹೆಚ್ಚುವುದಿಲ್ಲ. ಕೆಲವು ಕಾಗದಗಳಲ್ಲಿ ಶಾಯಿ ಮಡುಗಟ್ಟಿ ಕಪ್ಪು ಹಿಮ್ಮೆಟ್ಟುವುದೂ ಉಂಟು. ಆ ಹಂತವೇ ಶಾಯಿಯ ಎಲ್ಲೆ. ಅದನ್ನು ಮೀರಿದ ಹನಿಗಳೆಲ್ಲ ವ್ಯರ್ಥ, ಮಾತ್ರವಲ್ಲ, ಮುಖದ ನೆರಳುಗಳನ್ನು ಕಲಸಿಬಿಡುವ ಶತ್ರುಗಳು. ಎಲ್ಲೆಯನ್ನು ಗೊತ್ತುಮಾಡಿದ ಮೇಲೆ ಬೂದು ಮತ್ತು ತಿಳಿಬೂದು ಶಾಯಿಗಳ ಪೂರ್ಣಶಕ್ತಿ ಗಾಢ ಕಪ್ಪಿನ ಎಷ್ಟು ಅಂಶಕ್ಕೆ ಸಮ ಎಂಬುದನ್ನು ಕಂಡುಕೊಳ್ಳಬೇಕು. ಇದು ತಿಳಿದರೆ ತಂತ್ರಾಂಶ ತಾನೇ ಪಾಲು ಹಂಚುತ್ತದೆ: ಬೆಳಕಿನ ಭಾಗವನ್ನು ತಿಳಿಬೂದು ಒಂದೇ ಹೊರುತ್ತದೆ, ಅದು ದಣಿಯುವ ಮೊದಲೇ ಬೂದು ಕೈಗೂಡಿಸುತ್ತದೆ, ಕೊನೆಗೆ ಕಪ್ಪು ಪ್ರವೇಶಿಸುತ್ತದೆ. ಒಂದು ನಿಂತಮೇಲೆ ಇನ್ನೊಂದು ಆರಂಭವಾದರೆ ನಡುವೆ ಗೆರೆ ಕಾಣುವುದರಿಂದ, ಒಂದರ ಇಳಿತ ಮತ್ತೊಂದರ ಏರಿಕೆಯ ಮೇಲೆ ಹಾಸಿಕೊಂಡಿರುವಂತೆ ಏರ್ಪಾಡಾಗಿರುತ್ತದೆ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಗಣಕಯಂತ್ರದಲ್ಲಿ ಅರ್ಧ ಬೂದು ಎಂದಿದ್ದುದು ಕಾಗದದ ಮೇಲೆ ಮುಕ್ಕಾಲು ಕಪ್ಪಾಗಿ ಬಂದಿರಬಹುದು. ವೀಣೆಗೆ ಮೇಳ ಕಟ್ಟುವ ಕುಶಲಕರ್ಮಿಯ ಕೆಲಸವನ್ನು ಇಲ್ಲಿ ನೆನೆಯಬೇಕು. ತಂತಿ ಒಳ್ಳೆಯದು, ದಂಡಿ ಒಳ್ಳೆಯದು. ಆದರೂ ಇಪ್ಪತ್ತನಾಲ್ಕು ಮೆಟ್ಟುಗಳನ್ನು ಮೇಣದ ಮೇಲೆ ಒಂದೊಂದಾಗಿ ಜರುಗಿಸಿ, ಮೀಟಿ, ಕಿವಿಗೊಟ್ಟು, ಮತ್ತೆ ಜರುಗಿಸದೆ ಸ್ವರಸ್ಥಾನಗಳು ಕೂಡುವುದಿಲ್ಲ. ಬೂದುಬಣ್ಣಕ್ಕೂ ಹೀಗೆಯೇ ಮೆಟ್ಟಿಲುಗಳುಂಟು. ಬಿಳಿಯಿಂದ ಕಪ್ಪಿನವರೆಗೆ ನೂರಕ್ಕೆ ಐದರಂತೆ ಏರುವ 21 ಮೆಟ್ಟಿಲುಗಳ ಪಟ್ಟಿಯನ್ನು ಮುದ್ರಿಸಿ, ಒಣಗಿದ ಮೇಲೆ ಒಂದೊಂದು ಮೆಟ್ಟಿಲಿನ ಛಾಯೆಯನ್ನೂ ಅಳತೆಯ ಉಪಕರಣದಿಂದ ಅಳೆದು, ಆ 21 ಸಂಖ್ಯೆಗಳನ್ನು ತಂತ್ರಾಂಶಕ್ಕೆ ಕೊಟ್ಟರೆ ಅದು ತನ್ನ ಲೆಕ್ಕವನ್ನು ತಿದ್ದಿಕೊಂಡು ಮೆಟ್ಟಿಲುಗಳನ್ನು ಕಣ್ಣಿಗೆ ಸಮನಾದ ಅಂತರದಲ್ಲಿ ನಿಲ್ಲಿಸುತ್ತದೆ. ಇದಕ್ಕೆ ಲೀನಿಯರೈಸೇಷನ್ ಎಂದು ಹೆಸರು. ಬೂದಿನ ಮೇಳ ಕಟ್ಟುವುದು ಎಂದರೆ ಕನ್ನಡಿಗರಿಗೆ ಇನ್ನೂ ಹತ್ತಿರವಾದೀತು. ಅಳತೆಯ ಉಪಕರಣ ದುಬಾರಿಯಾದುದರಿಂದ ಸಾಮಾನ್ಯ ಸ್ಕ್ಯಾನರಿನಿಂದಲೇ ಈ ಕೆಲಸವನ್ನು ತಕ್ಕಮಟ್ಟಿಗೆ ಸಾಧಿಸಿದವರೂ ಇದ್ದಾರೆ. ಮುದ್ರಿಸಿದ ದಿನವೇ ಅಳೆಯುವ ಆತುರ ಬೇಡ; ಒಣಗುತ್ತ ಒಣಗುತ್ತ ಛಾಯೆ ಕೊಂಚ ಬದಲಾಗುವುದರಿಂದ ಮರುದಿನ ಅಳೆಯುವುದು ಲೇಸು. ಕಾಗದ ಬದಲಾದರೆ, ಶಾಯಿ ಬದಲಾದರೆ, ಮೇಳವನ್ನು ಹೊಸದಾಗಿ ಕಟ್ಟಬೇಕು.

ಬೂದಿಗೂ ತನ್ನದೇ ಆದ ಮೈಬಣ್ಣವಿದೆಯೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಶುದ್ಧ ಇಂಗಾಲದ ಕಪ್ಪನ್ನು ತೆಳುಮಾಡಿದಂತೆಲ್ಲ ಅದು ಕಂದಿನ ಕಡೆಗೆ ತಿರುಗುತ್ತದೆ. ಕೆಲವರಿಗೆ ಆ ಬೆಚ್ಚನೆಯ ಬಣ್ಣ ಇಷ್ಟ. ಕೆಲವರಿಗೆ ನೀಲಿಯ ಕಡೆಗೆ ಸರಿದ ತಣ್ಣನೆಯ ಬಣ್ಣ ಬೇಕು. ಬೆಚ್ಚನೆಯದಕ್ಕೆ ಒಂದು, ತಣ್ಣನೆಯದಕ್ಕೆ ಒಂದು ಲೆಕ್ಕವನ್ನು ಮೊದಲೇ ಸಿದ್ಧಪಡಿಸಿ, ಅವೆರಡನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವ ಅವಕಾಶವನ್ನು ಹ್ಯಾರಿಂಗ್ಟನ್ ಕಲ್ಪಿಸಿದನು. ನೆರಳಿಗೊಂದು, ಬೆಳಕಿಗೊಂದು ಪ್ರಮಾಣವನ್ನೂ ಇಡಬಹುದು. ಇದು ರುಚಿಯ ವಿಷಯ. ಅತಿಯಾದರೆ ಅಡುಗೆಗೆ ಬೆಲ್ಲ ಹೆಚ್ಚಾದಂತೆ.

ಹಾಗಾದರೆ ಯಂತ್ರದೊಂದಿಗೇ ಬರುವ ಕಪ್ಪು-ಬಿಳುಪು ವಿಧಾನ ಸಾಲದೆ? ಎಪ್ಸನ್ ವಿಧಾನದಲ್ಲಿ ಮೂರು ಕಪ್ಪುಗಳೇ ಪ್ರಧಾನವಾಗಿದ್ದು ಬಣ್ಣದ ಶಾಯಿ ಅತ್ಯಲ್ಪವಾಗಿ ಬಳಕೆಯಾಗುತ್ತದೆ. ಬೆಚ್ಚನೆ, ತಣ್ಣನೆ, ಮಧ್ಯಮ ಎಂಬ ಆಯ್ಕೆಗಳಿವೆ. ಗಾಢತೆಯನ್ನು ಏರಿಸಿ ಇಳಿಸುವ ಸೌಕರ್ಯವೂ ಇದೆ. ವರ್ಷಕ್ಕೆ ಹತ್ತಿಪ್ಪತ್ತು ಚಿತ್ರಗಳನ್ನು ಮುದ್ರಿಸುವ ಶಾಲೆಗೆ ಅದು ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚಿನದನ್ನು ಆಶಿಸಿ ಯಂತ್ರದ ಹೊಟ್ಟೆ ಬಗೆಯಬೇಕಾದ ಅಗತ್ಯವಿಲ್ಲ. ಆದರೆ ಅದು ತನ್ನ ಸಂಸ್ಥೆಯ ಕಾಗದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದುದು. ಹತ್ತಿಯ ನಾರಿನ ಬೇರೆ ಕಾಗದವನ್ನು ಹಾಕಿದರೆ ಮೆಟ್ಟಿಲುಗಳು ಏರುಪೇರಾಗುತ್ತವೆ. ಏಕೆ ಏರುಪೇರಾಯಿತೆಂದು ಕೇಳಿದರೆ ಯಂತ್ರ ಬಾಯಿ ಬಿಡುವುದಿಲ್ಲ. ದೊಡ್ಡ ಸಂಗ್ರಹವನ್ನು, ವಿಶೇಷವಾಗಿ ನೆರಳು ತುಂಬಿದ ಹಳೆಯ ಚಿತ್ರಗಳನ್ನು ಮುದ್ರಿಸುವವರು ರಿಪ್ಪಿನ ಶ್ರಮವನ್ನು ಪಡುವುದೇ ಸರಿ.

ಕಾಗದದ ಆಯ್ಕೆಯಲ್ಲಿ ಒಂದು ತೂಗಾಟವಿದೆ. ಕಪ್ಪಿನ ಗಾಢತೆಯನ್ನು ಸಾಂದ್ರತೆ ಎಂಬ ಸಂಖ್ಯೆಯಿಂದ ಹೇಳುವುದು ವಾಡಿಕೆ. ಸಾಂದ್ರತೆ 2 ಎಂದರೆ ಬಿದ್ದ ಬೆಳಕಿನಲ್ಲಿ ನೂರರಲ್ಲೊಂದು ಪಾಲು ಮಾತ್ರ ಹಿಂದಿರುಗುತ್ತದೆ. ಹೊಳಪಿಲ್ಲದ ಹತ್ತಿಯ ಕಾಗದದ ಮೇಲೆ ಸಾಮಾನ್ಯವಾಗಿ 1.6ರಷ್ಟು, ಎಂದರೆ ನಲವತ್ತರಲ್ಲೊಂದು ಪಾಲು ಹಿಂದಿರುಗುವಷ್ಟು ಕಪ್ಪು ದೊರೆಯುತ್ತದೆ. ಬೇರಿಯಂ ಸಲ್ಫೇಟಿನ ಲೇಪವುಳ್ಳ ‘ಬರೈಟಾ’ ಕಾಗದದ ಮೇಲೆ 2.2ನ್ನೂ ಮೀರಬಹುದು. ಬರೈಟಾ ಹಳೆಯ ಬೆಳ್ಳಿಯ ಮುದ್ರಣವನ್ನು ನೆನಪಿಸುತ್ತದೆ. ಹತ್ತಿಯ ಕಾಗದದ ಮೃದುತ್ವ ಅದಕ್ಕಿಲ್ಲ. ಎರಡಕ್ಕೂ ಬೇರೆಬೇರೆ ಕಪ್ಪು ಶಾಯಿ ಬೇಕು: ಹೊಳಪಿಲ್ಲದುದಕ್ಕೆ ಮ್ಯಾಟ್ ಕಪ್ಪು, ಹೊಳಪಿನದಕ್ಕೆ ಫೋಟೋ ಕಪ್ಪು. ಇದನ್ನು ಮರೆತು ಹೊಳಪಿನ ಕಾಗದದ ಮೇಲೆ ಮ್ಯಾಟ್ ಕಪ್ಪನ್ನು ಹಾಕಿದರೆ ಬೆರಳು ತಾಗಿದಲ್ಲೆಲ್ಲ ಮಸಿ ಏಳುತ್ತದೆ. ಅತಿಬಿಳುಪಿನ ಕಾಗದಗಳಲ್ಲಿ ನೇರಳಾತೀತ ಬೆಳಕಿಗೆ ಹೊಳೆಯುವ ರಾಸಾಯನಿಕವನ್ನು ಬೆರೆಸಿರುತ್ತಾರೆ. ಅದರ ಶಕ್ತಿ ವರ್ಷಗಳು ಕಳೆದಂತೆ ಉಡುಗಿ ಕಾಗದ ಹಳದಿಗೆ ತಿರುಗುವುದರಿಂದ, ಬಹುಕಾಲ ಉಳಿಯಬೇಕಾದ ಚಿತ್ರಕ್ಕೆ ಅಂಥದು ಬೇಡ.

ಮೂಲಚಿತ್ರವನ್ನು ಸಿದ್ಧಗೊಳಿಸುವಾಗಲೂ ಎಚ್ಚರ ಬೇಕು. ಹಳದಿಗಟ್ಟಿದ ಹಳೆಯ ಚಿತ್ರವನ್ನು ಕಪ್ಪು-ಬಿಳುಪಾಗಿ ಸ್ಕ್ಯಾನ್ ಮಾಡದೆ ಬಣ್ಣದಲ್ಲಿಯೇ ಮಾಡಬೇಕು. ಹಾಗೆ ಬಂದ ಚಿತ್ರದಲ್ಲಿ ಕೆಂಪು, ಹಸುರು, ನೀಲಿ ಎಂಬ ಮೂರು ಪದರಗಳಿರುತ್ತವೆ. ಹಳದಿ ಕಲೆ ನೀಲಿ ಬೆಳಕನ್ನು ನುಂಗುವ ಕಾರಣ ನೀಲಿಯ ಪದರದಲ್ಲಿ ಎದ್ದು ಕಾಣುತ್ತದೆ, ಕೆಂಪಿನ ಪದರದಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಆದುದರಿಂದ ಕಲೆಗಳಿರುವ ಚಿತ್ರಕ್ಕೆ ಕೆಂಪಿನ ಪದರವನ್ನು ಆರಿಸಬೇಕು. ಇದಕ್ಕೆ ವಿರುದ್ಧವಾಗಿ, ಕಾಗದ ಸರಿಯಾಗಿದ್ದು ಬಿಂಬವೇ ಮಾಸಿ ಹಳದಿಯಾಗಿದ್ದರೆ ನೀಲಿಯ ಪದರದಲ್ಲಿ ಬಿಂಬ ಹೆಚ್ಚು ಸ್ಪಷ್ಟವಾಗಿರುತ್ತದೆ. ಛಾಯೆಯ ಆಳ 8 ಬಿಟ್ಟಿನದಾದರೆ 256 ಮೆಟ್ಟಿಲುಗಳು, 16 ಬಿಟ್ಟಿನದಾದರೆ 65,536 ಮೆಟ್ಟಿಲುಗಳು. ತಿದ್ದುವಾಗ ಮೆಟ್ಟಿಲುಗಳು ಬಿರುಕುಬಿಡದಿರಲು ಎರಡನೆಯದೇ ಯುಕ್ತ. ಎಪ್ಸನ್ ಯಂತ್ರಗಳಿಗೆ ಅಂಗುಲಕ್ಕೆ 360 ಬಿಂದುಗಳ ಚಿತ್ರ ಸಹಜವಾಗಿ ಒಗ್ಗುತ್ತದೆ. ಪರದೆಯ ಪ್ರಖರತೆಯನ್ನು ತಗ್ಗಿಸದೆ ಚಿತ್ರವನ್ನು ತಿದ್ದಿದವರಿಗೆ ಮುದ್ರಣವು ಕತ್ತಲೆಯಂತೆ ಕಾಣುವುದು ಖಂಡಿತ. ಅದಕ್ಕೆ ಯಂತ್ರವನ್ನು ಬೈದು ಫಲವಿಲ್ಲ. ಬೇಸಗೆಯಲ್ಲಿ, ಅದರಲ್ಲಿಯೂ ರಜೆಯಲ್ಲಿ ಎರಡು ತಿಂಗಳು ಶಾಲೆ ಮುಚ್ಚಿರುವಾಗ, ಯಂತ್ರದ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ರಂಧ್ರಪರೀಕ್ಷೆಯ ಹಾಳೆಯೊಂದನ್ನು ಮುದ್ರಿಸಬೇಕು. ಒಂದೇ ಒಂದು ರಂಧ್ರ ಕಟ್ಟಿದರೂ ಆಕಾಶದಲ್ಲಿ ಬಿಳಿಯ ಗೆರೆ ಏಳುತ್ತದೆ.

ಬಾಳಿಕೆಯ ವಿಷಯದಲ್ಲಿ ಕನ್ನಡ ನಾಡಿಗೆ ಹಳೆಯ ಅನುಭವವಿದೆ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳಿಗೆ ದೀಪದ ಮಸಿಯನ್ನು ಸವರಿ ಒರೆಸುತ್ತಿದ್ದರು; ಶತಮಾನಗಳು ಉರುಳಿ ಗರಿ ಒಡೆದು ಹುಡಿಯಾದರೂ ಅಕ್ಷರದ ಕಪ್ಪು ಮಾಸಿದುದಿಲ್ಲ. ಆ ಮಸಿ ಇಂಗಾಲ. ಬೆಳಕಾಗಲಿ ಗಾಳಿಯಾಗಲಿ ಅದನ್ನು ಸುಲಭವಾಗಿ ಕೆಡಿಸಲಾರವು. ಇಂದಿನ ಕಪ್ಪು ವರ್ಣದ್ರವ್ಯದ ಶಾಯಿಯ ತಿರುಳೂ ಅದೇ ಇಂಗಾಲ. ಆದುದರಿಂದಲೇ ಬೂದಿಗೆ ಬಣ್ಣವನ್ನು ಎಷ್ಟು ಕಡಮೆ ಬೆರೆಸಿದರೆ ಚಿತ್ರದ ಆಯುಷ್ಯ ಅಷ್ಟು ಹೆಚ್ಚು. ಬೆರೆಸಿದ ಬಣ್ಣ ಮೊದಲು ಮಾಸಿ, ಬೂದು ತನ್ನ ಹದವನ್ನು ತಪ್ಪುತ್ತದೆ. ಅಂದಮಾತ್ರಕ್ಕೆ ಇಂಗಾಲದ ಚಿತ್ರ ಅಮರವೆಂದು ಭಾವಿಸಬಾರದು. ಹೊಳಪಿಲ್ಲದ ಕಾಗದದ ಮೇಲೆ ಶಾಯಿ ಮೇಲುಮೇಲೆಯೇ ಕುಳಿತಿರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ. ಗಾಜು ಹಾಕಿ, ಚಿತ್ರ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಟ್ಟು ಕಟ್ಟುಹಾಕಿಸಬೇಕು.

ಇದೇ ತಂತ್ರಾಂಶಕ್ಕೆ ಇನ್ನೊಂದು ಪ್ರಯೋಜನವೂ ಒದಗಿಬಂದುದು ಸ್ವಾರಸ್ಯವಾಗಿದೆ. ಕಾಗದದ ಬದಲು ಪಾರದರ್ಶಕ ಹಾಳೆಯ ಮೇಲೆ ಚಿತ್ರವನ್ನು ತಲೆಕೆಳಗು ಮಾಡಿ, ಎಂದರೆ ಕಪ್ಪನ್ನು ಬಿಳುಪಾಗಿಯೂ ಬಿಳುಪನ್ನು ಕಪ್ಪಾಗಿಯೂ ಮುದ್ರಿಸಿದರೆ ಅದು ದೊಡ್ಡ ಅಳತೆಯ ನೆಗೆಟಿವ್ ಆಗುತ್ತದೆ. ಅದನ್ನು ಕೈಯಿಂದ ಲೇಪಿಸಿದ ಕಾಗದಕ್ಕೆ ಅದುಮಿ ಬಿಸಿಲಿಗೆ ಹಿಡಿದು, 1842ರಲ್ಲಿ ಸರ್ ಜಾನ್ ಹರ್ಷಲ್ ಕಂಡುಹಿಡಿದ ನೀಲಿಯ ಸಯನೋಟೈಪನ್ನೋ, ಪ್ಲಾಟಿನಂ ಮುದ್ರಣವನ್ನೋ ಪಡೆಯಬಹುದು. ಕತ್ತಲೆ ಕೋಣೆಯನ್ನು ಮುಚ್ಚಿಸಿದ ಯಂತ್ರವೇ ಅದಕ್ಕಿಂತ ಹಳೆಯ ಕಲೆಗಳ ಬಾಗಿಲನ್ನು ತೆರೆದಿದೆ. ಶಾಲೆಯ ವಿಜ್ಞಾನದ ಮಕ್ಕಳಿಗೆ ಸಯನೋಟೈಪಿಗಿಂತ ಚೆಂದದ ಪಾಠ ಇನ್ನೊಂದಿಲ್ಲ.

ಒಂದು ಆತಂಕವನ್ನು ಮಾತ್ರ ಮುಚ್ಚಿಡಬಾರದು. ಇಂಥ ಉಪಯುಕ್ತ ತಂತ್ರಾಂಶ ನಿಂತಿರುವುದು ಒಬ್ಬ ವ್ಯಕ್ತಿಯ ದುಡಿಮೆಯ ಮೇಲೆ. ಯಂತ್ರ ಬದಲಾಗುತ್ತದೆ, ಗಣಕದ ವ್ಯವಸ್ಥೆ ಬದಲಾಗುತ್ತದೆ, ಸಂಸ್ಥೆಗಳು ತಮ್ಮದಲ್ಲದ ಶಾಯಿಯನ್ನು ಒಪ್ಪದ ಚಿಪ್ಪುಗಳನ್ನು ಡಬ್ಬಿಗೆ ಅಂಟಿಸುತ್ತವೆ. ನಿನ್ನೆ ಕಟ್ಟಿದ ಮೇಳ ನಾಳೆಯ ಯಂತ್ರಕ್ಕೆ ಸಲ್ಲುವುದಿಲ್ಲ. ಸಮಾಧಾನವೆಂದರೆ ಹ್ಯಾರಿಂಗ್ಟನ್ ತನ್ನ ಲೆಕ್ಕಗಳನ್ನು ಗುಟ್ಟಿನ ಲಿಪಿಯಲ್ಲಿ ಇಡಲಿಲ್ಲ. ಒಂದೊಂದು ಶಾಯಿಗೂ 256 ಸಂಖ್ಯೆಗಳಂತೆ, ಯಾರು ಬೇಕಾದರೂ ತೆರೆದು ಓದಬಹುದಾದ ಸರಳ ಪಟ್ಟಿಯಾಗಿ ಅವು ಕಡತಗಳಲ್ಲಿರುತ್ತವೆ. ಗಣಕಯಂತ್ರದವರು ಬಳಸುವ ಈ ‘ಕಡತ’ ಎಂಬ ಮಾತು ಎಲ್ಲಿಯದೆಂದು ಈಗಿನವರು ಯೋಚಿಸುವುದು ವಿರಳ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಿಳಿಯ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ಕಪ್ಪಿನ ಮೇಲೆ ಬಿಳುಪು. ಒಂದು ಬಗೆಯ ನೆಗೆಟಿವ್ ಎಂದೇ ಹೇಳಬಹುದು. ಮಠಗಳ, ಮನೆತನಗಳ ಹಳೆಯ ಕಡತಗಳನ್ನು ಇಂದೂ ಬಿಡಿಸಿ ಓದಲಾಗುತ್ತಿರುವುದು ಅವುಗಳ ಲಿಪಿ ಗುಟ್ಟಾಗಿರಲಿಲ್ಲವೆಂಬ ಕಾರಣದಿಂದಲೇ.

ಆದಕಾರಣ ಹಳೆಯ ಚಿತ್ರಗಳನ್ನು ಮುದ್ರಿಸಿಡುವ ಸಂಸ್ಥೆಗಳು ಆ ಪಟ್ಟಿಯನ್ನೂ, ಅಳೆದ 21 ಸಂಖ್ಯೆಗಳನ್ನೂ ಕಾಗದದ ಮೇಲೆ ಬರೆದು ಚಿತ್ರಗಳ ಜೊತೆಯಲ್ಲಿಯೇ ಇಡುವುದು ಮೇಲು. ಚಿತ್ರದ ಹಿಂಬದಿಯಲ್ಲಿ ಮುದ್ರಿಸಿದ ದಿನಾಂಕ, ಕಾಗದದ ಹೆಸರು, ಶಾಯಿಯ ಹೆಸರು, ಯಂತ್ರದ ಹೆಸರುಗಳನ್ನು ನಮೂದಿಸಬೇಕು. ಅವುಗಳ ಕೆಳಗೆ ಚಿತ್ರದಲ್ಲಿರುವವರ ಹೆಸರುಗಳನ್ನು, ಎಡದಿಂದ ಬಲಕ್ಕೆ, ಹಿಂದಿನ ಸಾಲನ್ನು ಬಿಡದೆ ಬರೆಯಬೇಕು. ಬರೆಯಲು ಪೆನ್ನು ಬೇಡ, ಮೆದುವಾದ ಸೀಸದ ಕಡ್ಡಿ ಸಾಕು. ಅದರ ಕಪ್ಪು ಕೂಡ ಇಂಗಾಲವೇ.